ಒಂದು ಸರ್ಕಾರಿ ಹುದ್ದೆಯಿಂದ ಇನ್ನೊಂದಕ್ಕೆ: ಜೊತೆಗೆ ಬರುವುದೇನು, ಹಿಂದೆ ಉಳಿಯುವುದೇನು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಒಂದೇ ಅಧಿಸೂಚನೆಯನ್ನು ನಂಬಿ ಕೂರುವುದಿಲ್ಲ. ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ), ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ), ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಪೊಲೀಸ್, ಶಿಕ್ಷಕ, ಕೆಎಎಸ್ ಹೀಗೆ ಅರ್ಹತೆ ಇರುವ ಹುದ್ದೆಗೆಲ್ಲ ಅರ್ಜಿ ಹಾಕುತ್ತಾರೆ. ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ಹಲವು ಸಲ ವರ್ಷಗಳೇ ಉರುಳುತ್ತವೆ. ಹೀಗಾಗಿ ಒಂದು ಇಲಾಖೆಗೆ ಸೇರಿ ಕೆಲಸ ಕಲಿಯುತ್ತಿರುವಾಗಲೇ ಇನ್ನೊಂದರ ಆಯ್ಕೆ ಪಟ್ಟಿಯಲ್ಲಿ ಹೆಸರು ಬರುತ್ತದೆ. ಹೋಗಬೇಕೋ ಇಲ್ಲೇ ಉಳಿಯಬೇಕೋ ಎಂಬ ಪ್ರಶ್ನೆ ಆಗ ಎದುರಾಗುತ್ತದೆ.

ಸಾಮಾನ್ಯವಾಗಿ ಸಿಗುವ ಸಲಹೆ 'ದೊಡ್ಡ ಹುದ್ದೆಗೆ ಹೋಗು' ಎಂಬುದು. ದೊಡ್ಡದು ಎಂದರೆ ಹೆಚ್ಚು ಸಂಬಳ ಎಂಬ ಲೆಕ್ಕ ಅದರ ಹಿಂದಿದೆ. ಆದರೆ ಮೂವತ್ತು ವರ್ಷದ ನೌಕರಿಯನ್ನು ಮೊದಲ ತಿಂಗಳ ಸಂಬಳದಿಂದ ಅಳೆಯಲಾಗದು. ಸರಿಯಾದ ದಾರಿಯಲ್ಲಿ ಹೋದವರಿಗೆ ವೇತನ ಬಹುಮಟ್ಟಿಗೆ ಜೊತೆಗೆ ಬರುತ್ತದೆ, ಸಲ್ಲಿಸಿದ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ಜ್ಯೇಷ್ಠತೆ ಮಾತ್ರ ಬರುವುದಿಲ್ಲ. ಕರ್ನಾಟಕ ರಾಜ್ಯ ಸರ್ಕಾರದ ನೌಕರರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಈ ಲೆಕ್ಕವನ್ನು ಇಲ್ಲಿ ಬಿಡಿಸಲಾಗಿದೆ.

## ಬದಲಾವಣೆಯ ಬಗೆಗಳು

ಸರ್ಕಾರಿ ಕೆಲಸ ಬದಲಿಸುವುದು ಎಂದು ನಾವು ಹೇಳುವುದರಲ್ಲಿ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ.

ಮೊದಲನೆಯದು, ರಾಜ್ಯ ಸರ್ಕಾರದೊಳಗೇ ಹೊಸದಾಗಿ ಪರೀಕ್ಷೆ ಬರೆದು ನೇರ ನೇಮಕಾತಿಯ ಮೂಲಕ ಬೇರೆ ಹುದ್ದೆಗೆ ಹೋಗುವುದು. ಗ್ರಾಮ ಆಡಳಿತ ಅಧಿಕಾರಿಯಾಗಿದ್ದವರು ಪಿಡಿಒ ಆಗುವುದು, ಪ್ರಾಥಮಿಕ ಶಾಲಾ ಶಿಕ್ಷಕರು ಪಿಯು ಉಪನ್ಯಾಸಕರಾಗುವುದು ಈ ಬಗೆಯವು. ಹೆಚ್ಚಿನವರ ವಿಷಯ ಇದೇ.

ಎರಡನೆಯದು, ರಾಜ್ಯದಿಂದ ಕೇಂದ್ರಕ್ಕೆ ಅಥವಾ ಕೇಂದ್ರದಿಂದ ರಾಜ್ಯಕ್ಕೆ ಹೋಗುವುದು. ಇಲ್ಲಿ ವೇತನ ಆಯೋಗ, ತುಟ್ಟಿಭತ್ಯೆ, ಪಿಂಚಣಿ ನಿಯಮ ಎಲ್ಲವೂ ಬದಲಾಗುತ್ತವೆ.

ಮೂರನೆಯದು, ಸರ್ಕಾರದ ಇಲಾಖೆಗೂ ನಿಗಮ, ಮಂಡಳಿ, ಸಾರ್ವಜನಿಕ ಬ್ಯಾಂಕುಗಳಿಗೂ ನಡುವಿನ ಓಡಾಟ. ಜನರ ಬಾಯಲ್ಲಿ ಇವೆಲ್ಲ 'ಗವರ್ನಮೆಂಟ್ ಕೆಲಸ'ವೇ. ಕಾನೂನಿನ ಪ್ರಕಾರ ನಿಗಮದ ನೌಕರರು ಸರ್ಕಾರಿ ನೌಕರರಲ್ಲ. ಅಲ್ಲಿನ ಸೇವೆ ಸರ್ಕಾರದ ಪಿಂಚಣಿಗೆ ತಾನಾಗಿಯೇ ಸೇರುವುದಿಲ್ಲ.

ಇವಲ್ಲದೆ ನಿಯೋಜನೆ ಇದೆ. ಮಾತೃ ಇಲಾಖೆಯಲ್ಲಿ ಹುದ್ದೆ ಉಳಿಸಿಕೊಂಡು ನಿಗದಿತ ಅವಧಿಗೆ ಬೇರೆಡೆ ಕೆಲಸ ಮಾಡಿ ಬರುವ ವ್ಯವಸ್ಥೆ ಇದು. ಊರಿನ ಕಾರಣಕ್ಕೋ ಮೇಲಧಿಕಾರಿಯ ಕಾರಣಕ್ಕೋ ಬೇಸತ್ತವರಿಗೆ ಬೇಕಾಗಿರುವುದು ಎಷ್ಟೋ ಸಲ ವರ್ಗಾವಣೆ ಅಥವಾ ನಿಯೋಜನೆ ಮಾತ್ರ. ಅದನ್ನು ತಿಳಿಯದೆ ವೃಂದವನ್ನೇ (ಕೇಡರ್) ಬಿಟ್ಟುಹೋದರೆ ತಾತ್ಕಾಲಿಕ ತೊಂದರೆಗೆ ಶಾಶ್ವತ ಬೆಲೆ ತೆತ್ತಂತಾಗುತ್ತದೆ.

## ಅನುಮತಿಯೇ ಎಲ್ಲದಕ್ಕೂ ಬುಡ

ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ, ಅಂದರೆ ಕಚೇರಿಗಳಲ್ಲಿ ಕೆಸಿಎಸ್‌ಆರ್ ಎಂದು ಕರೆಯುವ 1958ರ ನಿಯಮಗಳಲ್ಲಿ 252ನೆಯದು ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ. ರಾಜೀನಾಮೆ ಕೊಟ್ಟರೆ ಅದುವರೆಗಿನ ಸೇವೆ ನಷ್ಟವಾಗುತ್ತದೆ ಎಂಬುದು ಸಾಮಾನ್ಯ ತತ್ವ. ಸೂಕ್ತ ಅನುಮತಿ ಪಡೆದು ಇನ್ನೊಂದು ಸರ್ಕಾರಿ ಹುದ್ದೆಗೆ ಹೋಗಲು ಕೊಟ್ಟ ರಾಜೀನಾಮೆಯನ್ನು ಸರ್ಕಾರಿ ಸೇವೆಗೆ ಕೊಟ್ಟ ರಾಜೀನಾಮೆ ಎಂದು ಎಣಿಸುವುದಿಲ್ಲ ಎಂಬುದು ಅದಕ್ಕಿರುವ ವಿನಾಯಿತಿ. ನೌಕರರು 'ಇನ್ನೂರ ಐವತ್ತೆರಡು ಬಿ' ಎಂದು ಉಲ್ಲೇಖಿಸುವುದು ಇದನ್ನೇ. ಹಿಂದಿನ ಸೇವೆ, ವೇತನ ರಕ್ಷಣೆ, ರಜೆ, ಪಿಂಚಣಿ ಎಲ್ಲವೂ ಈ ಒಂದು ವಿನಾಯಿತಿಯ ಮೇಲೆ ನಿಂತಿವೆ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಅರ್ಜಿ ಹಾಕುವ ದಿನದಿಂದಲೇ. ಸೇವಾನಿರತ ಅಭ್ಯರ್ಥಿ ಎಂದು ಅರ್ಜಿಯಲ್ಲಿ ನಮೂದಿಸಬೇಕು, ನೇಮಕಾತಿ ಪ್ರಾಧಿಕಾರಕ್ಕೆ ತಿಳಿಸಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಕೆಲಸಕ್ಕೆ ಸೇರುವ ಮುಂಚೆಯೇ ಅರ್ಜಿ ಹಾಕಿದ್ದ ಪರೀಕ್ಷೆಯಾದರೆ, ಸೇರಿದ ಕೂಡಲೇ ಯಾವ ಯಾವ ಹುದ್ದೆಗೆ ಅರ್ಜಿ ಹಾಕಿದ್ದೇನೆ ಎಂದು ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆದುಕೊಳ್ಳುವುದು ಒಳ್ಳೆಯದು. 'ಆಯ್ಕೆಯಾದ ಮೇಲೆ ನೋಡಿಕೊಳ್ಳೋಣ, ಈಗಲೇ ಹೇಳಿದರೆ ಸಾಹೇಬರು ಬೇಸರ ಮಾಡಿಕೊಳ್ಳುತ್ತಾರೆ' ಎಂದು ಮುಚ್ಚಿಟ್ಟವರು ಮುಂದೆ ಸೇವೆ ಪರಿಗಣನೆಗಾಗಿ ಕಡತ ಹಿಡಿದು ವರ್ಷಗಟ್ಟಲೆ ಅಲೆದಿದ್ದಾರೆ.

ಇಲಾಖಾ ವಿಚಾರಣೆ ಬಾಕಿ ಇದ್ದರೆ, ಅಮಾನತಿನಲ್ಲಿದ್ದರೆ ಅನುಮತಿ ಸಿಗುವುದು ಕಷ್ಟ. ಸರ್ಕಾರದ ಖರ್ಚಿನಲ್ಲಿ ತರಬೇತಿ ಅಥವಾ ಉನ್ನತ ವ್ಯಾಸಂಗ ಮಾಡಿ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದರ ಷರತ್ತು ಮೊದಲು ಓದಬೇಕು.

ಸೇವೆಯಲ್ಲಿರುವವರಿಗೆ ಒಂದು ಅನುಕೂಲವೂ ಇದೆ. 1977ರ ಕರ್ನಾಟಕ ನಾಗರಿಕ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40 ವರ್ಷ ಮೂಲ ವಯೋಮಿತಿ. ರಾಜ್ಯ ಸರ್ಕಾರದ ಹುದ್ದೆಯಲ್ಲಿರುವವರಿಗೆ ಎಷ್ಟು ವರ್ಷ ಸೇವೆ ಆಗಿದೆಯೋ ಅಷ್ಟು, ಹೆಚ್ಚೆಂದರೆ 10 ವರ್ಷದವರೆಗೆ ಸಡಿಲಿಕೆ ಸಿಗುತ್ತದೆ. ಸಣ್ಣ ಹುದ್ದೆಗೆ ಮೊದಲು ಸೇರಿದವರಿಗೆ ದೊಡ್ಡ ಹುದ್ದೆಯ ಬಾಗಿಲು ಇನ್ನಷ್ಟು ವರ್ಷ ತೆರೆದೇ ಇರುತ್ತದೆ.

## ಲೀನ್: ಮರಳಿ ಬರುವ ದಾರಿ

ಕಾಯಂ ನೌಕರನಿಗೆ ತನ್ನ ಹುದ್ದೆಯ ಮೇಲಿರುವ ಹಕ್ಕನ್ನು ಲೀನ್ ಎನ್ನುತ್ತಾರೆ. ಅನುಮತಿಯೊಂದಿಗೆ ಬೇರೆ ಹುದ್ದೆಗೆ ಹೋದವರು ಅಲ್ಲಿ ಕಾಯಂ ಆಗುವ ತನಕ ಹಳೆಯ ಹುದ್ದೆಯ ಲೀನ್ ಉಳಿಸಿಕೊಳ್ಳಲು ಕೋರಬಹುದು. ಹೊಸ ಕೆಲಸ ಒಗ್ಗದಿದ್ದರೆ, ಅಥವಾ ಅಲ್ಲಿ ಮುಂದುವರಿಸದಿದ್ದರೆ ಮರಳಿ ಬರಲು ಇದೇ ಆಧಾರ. ಕೇಂದ್ರ ಸರ್ಕಾರದಲ್ಲಿ ಇದಕ್ಕೆ ಸಾಮಾನ್ಯವಾಗಿ 2 ವರ್ಷ, ವಿಶೇಷ ಸಂದರ್ಭದಲ್ಲಿ 3 ವರ್ಷದ ಮಿತಿ ಇದೆ.

ಇಲ್ಲಿ ಗಮನಿಸಬೇಕಾದ ಮಾತು 'ಕಾಯಂ' ಎಂಬುದು. ಪ್ರೊಬೇಷನ್ ಮುಗಿಯದವರಿಗೆ ಹುದ್ದೆಯ ಮೇಲೆ ಇನ್ನೂ ಹಕ್ಕು ಹುಟ್ಟಿರುವುದಿಲ್ಲ. ಆರು ತಿಂಗಳ ಹಿಂದೆ ಸೇರಿದವರು ಬೇರೆಡೆಗೆ ಹೋದರೆ ಹಿಂದಿನ ಬಾಗಿಲು ಮುಚ್ಚಿತೆಂದೇ ತಿಳಿಯಬೇಕು. ಎರಡು ವರ್ಷ ದಾಟಿ ಎಲ್ಲ ಇಲಾಖಾ ಪರೀಕ್ಷೆಯೂ ಮುಗಿದಿದ್ದರೆ, ಹೊರಡುವ ಮುನ್ನ ಪ್ರೊಬೇಷನ್ ಪೂರ್ಣಗೊಂಡ ಘೋಷಣಾ ಆದೇಶ ಮಾಡಿಸಿಕೊಳ್ಳಬೇಕು. ನಮ್ಮ ಕಚೇರಿಗಳಲ್ಲಿ ಈ ಆದೇಶ ತಾನಾಗಿಯೇ ಬರುವುದು ಅಪರೂಪ. ಬೆನ್ನು ಹತ್ತಿ ಕಡತ ಮಂಡಿಸಿದರೆ ಮಾತ್ರ ಬರುತ್ತದೆ.

## ವೇತನ: ಮೂಲ ವೇತನ ಹೇಳದ ಸತ್ಯ

ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಹೊಸ ವೇತನ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಎಸ್‌ಡಿಎ ಮತ್ತು ಗ್ರಾಮ ಆಡಳಿತ ಅಧಿಕಾರಿಯ ಆರಂಭಿಕ ಮೂಲ ವೇತನ 34,100, ಪೊಲೀಸ್ ಕಾನ್ಸ್‌ಟೇಬಲ್‌ಗೆ 37,500, ಎಫ್‌ಡಿಎಗೆ 44,425, ಪಿಡಿಒಗೆ 61,300, ಪಿಯು ಉಪನ್ಯಾಸಕರಿಗೆ 69,250.

ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದವರಿಗೆ ಈ ಅಂತರ ನಿಜವಾದ ಲಾಭವೇ. 34,900 ಪಡೆಯುತ್ತಿರುವ ಎಸ್‌ಡಿಎ ಪಿಡಿಒ ಆದರೆ ಒಂದೇ ದಿನದಲ್ಲಿ 26,400 ರೂಪಾಯಿ ಮೂಲ ವೇತನ ಹೆಚ್ಚುತ್ತದೆ. ಹತ್ತು ವರ್ಷ ದಾಟಿದವರ ಲೆಕ್ಕ ಬೇರೆ. ರಾಜ್ಯದ ವೇತನ ಶ್ರೇಣಿಗಳೆಲ್ಲ ಒಂದೇ ಮುಖ್ಯ ಶ್ರೇಣಿಯ ತುಂಡುಗಳು. ಕೆಳಗಿನ ಹುದ್ದೆಯವರೂ ವಾರ್ಷಿಕ ವೇತನ ಬಡ್ತಿಯಿಂದ ಅದೇ ಮೆಟ್ಟಿಲುಗಳನ್ನು ಹತ್ತುತ್ತಾರೆ. 34,100ರಿಂದ ಹೊರಟ ಎಸ್‌ಡಿಎ 11 ವಾರ್ಷಿಕ ಬಡ್ತಿಗಳಲ್ಲಿ ಎಫ್‌ಡಿಎಯ ಆರಂಭಿಕ ವೇತನವಾದ 44,425 ತಲುಪುತ್ತಾರೆ. ಅಷ್ಟು ಸೇವೆಯಾದ ಮೇಲೆ ನೇರ ನೇಮಕಾತಿಯಲ್ಲಿ ಎಫ್‌ಡಿಎ ಆದವರಿಗೆ ಸಿಗುವುದು ವೇತನ ರಕ್ಷಣೆ, ಅಂದರೆ ಪಡೆಯುತ್ತಿದ್ದುದು ಕಡಿಮೆಯಾಗದಂತೆ ಕಾಪಾಡುವ ನಿಗದಿ ಮಾತ್ರ. ಜೇಬಿಗೆ ಹೊಸದಾಗಿ ಹೆಚ್ಚೇನೂ ಸೇರುವುದಿಲ್ಲ.

ಕೇಂದ್ರದ ಹುದ್ದೆಯೊಂದಿಗೆ ಹೋಲಿಸುವಾಗ ಮೂಲ ವೇತನವನ್ನಷ್ಟೇ ನೋಡಿದರೆ ದಾರಿ ತಪ್ಪುತ್ತೇವೆ. ಎಸ್ಎಸ್‌ಸಿ ಪದವಿ ಮಟ್ಟದ ಪರೀಕ್ಷೆಯಿಂದ ಸಿಗುವ ಸಹಾಯಕ ಶಾಖಾಧಿಕಾರಿ ಹುದ್ದೆ 7ನೇ ಹಂತದ್ದು, ಮೂಲ ವೇತನ 44,900. ಪಿಡಿಒ 61,300. ಮೇಲ್ನೋಟಕ್ಕೆ 16,400ರ ವ್ಯತ್ಯಾಸ. ಆದರೆ ಕೇಂದ್ರದ ವೇತನ ಪರಿಷ್ಕರಣೆ 2016ರದ್ದು, ರಾಜ್ಯದ್ದು ಈಚಿನದು. ಅದರಿಂದ ಕೇಂದ್ರದಲ್ಲಿ ತುಟ್ಟಿಭತ್ಯೆ ಬೆಳೆದು ನಿಂತಿದೆ. 2025ರ ಜನವರಿಯ ದರದಂತೆ ಕೇಂದ್ರದಲ್ಲಿ ಶೇ. 55, ರಾಜ್ಯದಲ್ಲಿ ಶೇ. 12.25 ಇತ್ತು. ಆ ದರ ಸೇರಿಸಿ ನೋಡಿದರೆ ಕೇಂದ್ರದ ನೌಕರರಿಗೆ 69,595, ಪಿಡಿಒಗೆ ಸುಮಾರು 68,809. ಅಂತರವೇ ಮಾಯ! ಕೇಂದ್ರದ ಮುಂದಿನ ವೇತನ ಆಯೋಗದ ವರದಿ ಜಾರಿಯಾದಾಗ ಈ ಲೆಕ್ಕ ಮತ್ತೆ ಬದಲಾಗುತ್ತದೆ.

ಮನೆ ಬಾಡಿಗೆ ಭತ್ಯೆಯನ್ನೂ ಊರಿನೊಂದಿಗೆ ಇಟ್ಟು ನೋಡಬೇಕು. ರಾಜ್ಯದಲ್ಲಿ ಅದು ಊರಿನ ಜನಸಂಖ್ಯೆಯ ಮೇಲೆ ಶೇ. 20, 15 ಮತ್ತು 7.5. 44,425 ಮೂಲ ವೇತನದ ಎಫ್‌ಡಿಎಗೆ ಬೆಂಗಳೂರಿನಲ್ಲಿ 8,885 ರೂಪಾಯಿ, ತಾಲ್ಲೂಕು ಕೇಂದ್ರದಲ್ಲಿ ಸುಮಾರು 3,330. ಬೆಂಗಳೂರಿನಲ್ಲಿ 5,500 ರೂಪಾಯಿ ಹೆಚ್ಚು ಬಂತೆಂದು ಹಿಗ್ಗುವ ಮೊದಲು ಅಲ್ಲಿನ ಬಾಡಿಗೆ, ಮುಂಗಡ, ಮಕ್ಕಳ ಶಾಲೆಯ ಶುಲ್ಕ ಕೇಳಿ ತಿಳಿಯಬೇಕು. ಸ್ವಂತ ಊರಿನ ಮನೆಯಲ್ಲಿದ್ದು ಬೈಕಿನಲ್ಲಿ ಕಚೇರಿಗೆ ಹೋಗುವವರ 40,000, ಮಹಾನಗರದ 55,000ಕ್ಕಿಂತ ಹೆಚ್ಚು ಉಳಿತಾಯ ಕೊಟ್ಟೀತು.

## ಜ್ಯೇಷ್ಠತೆ ಮತ್ತು ಬಡ್ತಿ

ಜ್ಯೇಷ್ಠತೆಯನ್ನು ನಿರ್ಧರಿಸುವುದು 1957ರ ಕರ್ನಾಟಕ ಸರ್ಕಾರಿ ನೌಕರರ ಜ್ಯೇಷ್ಠತಾ ನಿಯಮಗಳು. ನೇರ ನೇಮಕಾತಿಯಿಂದ ಹೊಸ ವೃಂದಕ್ಕೆ ಬಂದವರು ಎಷ್ಟೇ ವರ್ಷ ಬೇರೆಡೆ ದುಡಿದಿದ್ದರೂ ಅಲ್ಲಿ ಹೊಸಬರೇ. ಅವರ ಸ್ಥಾನ ಆ ವರ್ಷದ ಆಯ್ಕೆ ಪಟ್ಟಿಯೊಂದಿಗೆ ನಿಗದಿಯಾಗುತ್ತದೆ. ಸ್ವಂತ ಕೋರಿಕೆಯ ಮೇಲೆ ಬೇರೆ ಜ್ಯೇಷ್ಠತಾ ಘಟಕಕ್ಕೆ ವರ್ಗವಾದವರೂ ಆ ದಿನ ಅಲ್ಲಿರುವ ಎಲ್ಲರಿಗಿಂತ ಕೆಳಗೆ ನಿಲ್ಲುತ್ತಾರೆ. ನಲವತ್ತರ ಹೊಸಬರಿಗೆ ಇಪ್ಪತ್ತೆಂಟರ ಹಿರಿಯರು ಇರುತ್ತಾರೆ. ಇದನ್ನು ಮನಸ್ಸು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಹಾಗಾಗಿ ಹುದ್ದೆಯ ಹೆಸರಿಗಿಂತ ಅದರ ಮೇಲಿನ ಏಣಿಯನ್ನು ನೋಡುವುದು ಮುಖ್ಯ. ಕಂದಾಯ ಇಲಾಖೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಯಾಗಿ ಸೇರಿದವರಿಗೆ ಕಂದಾಯ ನಿರೀಕ್ಷಕ ಅಥವಾ ಪ್ರಥಮ ದರ್ಜೆ ಸಹಾಯಕ, ಮುಂದೆ ಶಿರಸ್ತೇದಾರ್ ಅಥವಾ ಉಪ ತಹಶೀಲ್ದಾರ್, ಆಮೇಲೆ ತಹಶೀಲ್ದಾರ್ ಎಂಬ ದಾರಿ ಇದೆ. ಸಚಿವಾಲಯದಲ್ಲಿ ಕಿರಿಯ ಸಹಾಯಕರು ಸಹಾಯಕ, ಹಿರಿಯ ಸಹಾಯಕ, ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ ಎಂದು ಏರಬಹುದು. ಒಂದು ಸಣ್ಣ ಇಲಾಖೆಯ ಎಫ್‌ಡಿಎಗೆ ಅಧೀಕ್ಷಕ ಹುದ್ದೆ ಇಡೀ ರಾಜ್ಯದಲ್ಲಿ ಬೆರಳೆಣಿಕೆಯಷ್ಟಿದ್ದರೆ, ಆ ಹುದ್ದೆಯಲ್ಲೇ ನಿವೃತ್ತಿಯಾಗಬೇಕಾದೀತು. ಇದನ್ನು ತಿಳಿಯಲು ಎರಡು ಕಾಗದ ಸಾಕು: ಆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ, ಹಾಗೂ ಇತ್ತೀಚಿನ ಜ್ಯೇಷ್ಠತಾ ಪಟ್ಟಿ. ಮೊದಲನೆಯದು ಮುಂದಿನ ಹುದ್ದೆಗಳು ಯಾವುವು, ಅದರಲ್ಲಿ ಬಡ್ತಿಗೆ ಎಷ್ಟು ಪಾಲು ಎಂದು ತಿಳಿಸುತ್ತದೆ. ಎರಡನೆಯದರಲ್ಲಿ ಮುಂದಿರುವವರ ಹುಟ್ಟಿದ ದಿನಾಂಕ ಇರುವುದರಿಂದ ಅವರು ಯಾವಾಗ ನಿವೃತ್ತರಾಗುತ್ತಾರೆ, ನಮ್ಮ ಸರದಿ ಎಂದು ಬರುತ್ತದೆ ಎಂದು ಲೆಕ್ಕ ಹಾಕಬಹುದು.

ಬಡ್ತಿ ಸಿಗದವರಿಗೆಂದು ಒಂದೇ ಹುದ್ದೆಯಲ್ಲಿ 10 ವರ್ಷಕ್ಕೆ ಕಾಲಮಿತಿ ವೇತನ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಮುಂದೆ 20, 25, 30 ವರ್ಷಕ್ಕೆ ಹೆಚ್ಚುವರಿ ವೇತನ ಬಡ್ತಿಗಳಿವೆ. ಹುದ್ದೆ ಬದಲಾದರೆ ಈ ಎಣಿಕೆ ಹೊಸ ಹುದ್ದೆಯಿಂದ ಶುರುವಾಗುತ್ತದೆ. ಒಂಬತ್ತು ವರ್ಷ ಮುಗಿಸಿದವರು ಇದನ್ನು ಮರೆಯಬಾರದು.

ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ಸಂಗತಿ ಇದೆ. ಸಂವಿಧಾನದ 371ಜೆ ವಿಧಿಯಂತೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಸ್ಥಳೀಯ ವೃಂದ ಪ್ರತ್ಯೇಕವಾಗಿದೆ. ಯಾವ ವೃಂದದಲ್ಲಿ ಆಯ್ಕೆಯಾಗಿದ್ದೇವೆ ಎಂಬುದು ಮುಂದೆ ಎಲ್ಲಿ ಕೆಲಸ ಮಾಡುತ್ತೇವೆ, ಯಾರೊಂದಿಗೆ ಬಡ್ತಿಯ ಸರದಿಯಲ್ಲಿ ನಿಲ್ಲುತ್ತೇವೆ ಎಂಬುದನ್ನು ನಿರ್ಧರಿಸುತ್ತದೆ.

## ಮತ್ತೊಮ್ಮೆ ಪ್ರೊಬೇಷನ್

ಹೊಸ ಹುದ್ದೆ ಎಂದರೆ ಮತ್ತೆ ಪ್ರೊಬೇಷನ್. 1977ರ ಪ್ರೊಬೇಷನ್ ನಿಯಮಗಳಂತೆ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ, ಅಗತ್ಯ ಬಿದ್ದರೆ ವಿಸ್ತರಣೆ. ಆ ಹುದ್ದೆಗೆ ನಿಗದಿಯಾದ ಇಲಾಖಾ ಪರೀಕ್ಷೆಗಳನ್ನು ಈ ಅವಧಿಯಲ್ಲಿ ಪಾಸು ಮಾಡಬೇಕು. ಕೆಪಿಎಸ್‌ಸಿ ನಡೆಸುವ ಈ ಪರೀಕ್ಷೆಗಳಲ್ಲಿ ಹಿಂದಿನ ಹುದ್ದೆಯಲ್ಲಿದ್ದಾಗ ಪಾಸಾದ ವಿಷಯಗಳೂ ಹೊಸ ಪಟ್ಟಿಯಲ್ಲಿದ್ದರೆ, ಅವುಗಳ ಫಲಿತಾಂಶದ ಪ್ರತಿ ಕೊಟ್ಟು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿಕೊಳ್ಳಬೇಕು. 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ನಿಗದಿತ ಅವಧಿಯೊಳಗೆ ಇವೆಲ್ಲ ಮುಗಿಯದಿದ್ದರೆ ಘೋಷಣೆ ತಡವಾಗಿ ಮುಂದಿನ ವೇತನ ಬಡ್ತಿಗೆ ತಡೆ ಬೀಳುತ್ತದೆ.

ಪ್ರೊಬೇಷನ್‌ನಲ್ಲಿ ನೌಕರನ ರಕ್ಷಣೆ ಕಡಿಮೆ. ಕೆಲಸ ತೃಪ್ತಿಕರವಲ್ಲ ಎಂದು ಕಂಡರೆ ಬಿಡುಗಡೆ ಮಾಡುವುದು ಕಾಯಂ ನೌಕರನನ್ನು ತೆಗೆಯುವುದಕ್ಕಿಂತ ಸುಲಭ. ಮನೆಯಲ್ಲಿ ಚಿಕ್ಕ ಮಗು, ಕಾಯಿಲೆಯ ಹಿರಿಯರು ಇರುವವರು ಈ ಎರಡು ವರ್ಷದಲ್ಲಿ ದೀರ್ಘ ರಜೆ ಹಾಕುವುದು ಕಷ್ಟವೆಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

## ಪಿಂಚಣಿ, ವಿಮೆ, ರಜೆ

ರಾಜ್ಯದಲ್ಲಿ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರು ಸಾಮಾನ್ಯವಾಗಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಒಳಪಟ್ಟವರು. ಕೇಂದ್ರದಲ್ಲಿ ಈ ಗಡಿ 2004ರ ಜನವರಿ 1. ಎನ್‌ಪಿಎಸ್‌ನಲ್ಲಿರುವವರಿಗೆ ಹುದ್ದೆ ಬದಲಾವಣೆ ಈ ಮಟ್ಟಿಗೆ ಸರಳ. ಎನ್‌ಪಿಎಸ್ ಖಾತೆಯ ಪ್ರಾನ್ ಸಂಖ್ಯೆ ಜೀವನಪೂರ್ತಿ ಒಂದೇ. ಹೊಸ ಕಚೇರಿಗೆ, ರಾಜ್ಯದಿಂದ ಕೇಂದ್ರಕ್ಕೆ ಹೋದರೂ, ಅದನ್ನೇ ವರ್ಗಾಯಿಸಿಕೊಳ್ಳಬೇಕು. ತಿಳಿಯದೆ ಎರಡನೇ ಪ್ರಾನ್ ಮಾಡಿಸಿದರೆ ತೊಡಕು.

2006ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿ ಹಳೆಯ ಪಿಂಚಣಿಯಲ್ಲಿರುವವರು ಮಾತ್ರ ಹೆಜ್ಜೆ ಹೆಜ್ಜೆಗೂ ಎಚ್ಚರವಹಿಸಬೇಕು. ಅನುಮತಿಯೊಂದಿಗೆ, ಸೇವೆಯಲ್ಲಿ ಕಡಿತವಿಲ್ಲದಂತೆ ರಾಜ್ಯದ ಇನ್ನೊಂದು ಪಿಂಚಣಿಯುಕ್ತ ಹುದ್ದೆಗೆ ಹೋದರೆ ಹಳೆಯ ಪಿಂಚಣಿ ಉಳಿಯುತ್ತದೆ. ಅನುಮತಿ ಇಲ್ಲದೆ ರಾಜೀನಾಮೆ ಕೊಟ್ಟು ಹೋದರೆ ಇಡೀ ಬದುಕಿನ ಭದ್ರತೆ ಒಂದು ಕಾಗದದ ಕೊರತೆಯಿಂದ ಕೈತಪ್ಪಬಹುದು. ಲಿಖಿತ ಆದೇಶ ಕೈಗೆ ಬರುವ ತನಕ ಇಂಥವರು ಕದಲದಿರುವುದೇ ಕ್ಷೇಮ.

ಕೇಂದ್ರಕ್ಕೆ ಹೋಗುವವರು 2025ರ ಏಪ್ರಿಲ್ 1ರಿಂದ ಅಲ್ಲಿ ಜಾರಿಯಾದ ಏಕೀಕೃತ ಪಿಂಚಣಿ ಯೋಜನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದನ್ನು ಆರಿಸಿಕೊಂಡು 25 ವರ್ಷ ಸೇವೆ ಪೂರೈಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಶೇ. 50 ಖಚಿತ ಪಿಂಚಣಿಯಾಗಿ ಸಿಗುತ್ತದೆ. ತಡವಾಗಿ ಹೋದವರಿಗೆ 25 ವರ್ಷ ತುಂಬುವುದೇ ಎಂದು ನೋಡಿಕೊಳ್ಳಬೇಕು.

1891ರಿಂದ ನಡೆದುಬಂದಿರುವ, ರಾಜ್ಯ ಸರ್ಕಾರಿ ನೌಕರರ ಕೆಜಿಐಡಿ ವಿಮೆ ರಾಜ್ಯದೊಳಗಿನ ಬದಲಾವಣೆಯಲ್ಲಿ ಹಾಗೆಯೇ ಮುಂದುವರಿಯುತ್ತದೆ. ಹೊಸ ಕಚೇರಿಯ ಬಟವಾಡೆ ಅಧಿಕಾರಿ ಕಂತು ಕಡಿತ ಮಾಡುತ್ತಿದ್ದಾರೆಯೇ ಎಂದು ಮೊದಲ ವೇತನ ಚೀಟಿಯಲ್ಲೇ ನೋಡಬೇಕು. ಅನುಮತಿಯೊಂದಿಗೆ ಹೋದವರ ಗಳಿಕೆ ರಜೆಯೂ ಜೊತೆಗೆ ಬರುತ್ತದೆ. ರಜೆಯ ಸ್ವರೂಪ ಮಾತ್ರ ಬದಲಾಗಬಹುದು. ಶಿಕ್ಷಕರಿಗೆ ಬೇಸಿಗೆ ಮತ್ತು ದಸರಾ ರಜೆ ಇರುವುದರಿಂದ ಗಳಿಕೆ ರಜೆ ವರ್ಷಕ್ಕೆ 10 ದಿನ, ಕಚೇರಿ ನೌಕರರಿಗೆ 30 ದಿನ. ಮಕ್ಕಳ ಆರೈಕೆ ರಜೆ ಮಹಿಳೆಯರಿಗೆ ರಾಜ್ಯದಲ್ಲಿ 180 ದಿನ, ಕೇಂದ್ರದಲ್ಲಿ 730 ದಿನ.

## ಕೆಲಸದ ಸ್ವಭಾವ, ಊರು, ಸಂಸಾರ

ನಿಯಮಗಳ ಲೆಕ್ಕದಷ್ಟೇ ತೂಕದ ಪ್ರಶ್ನೆ, ಪ್ರತಿದಿನ ಬೆಳಗಾದರೆ ಮಾಡಬೇಕಾದ ಕೆಲಸ ಯಾವುದು ಎಂಬುದು. ಪಿಡಿಒ ಹುದ್ದೆಯಲ್ಲಿ ಸಂಬಳ ಚೆನ್ನಾಗಿದೆ. ಜೊತೆಗೆ ನೀರಿನ ಮೋಟಾರು ಕೆಟ್ಟರೆ ರಾತ್ರಿ ಬರುವ ಕರೆ, ಉದ್ಯೋಗ ಖಾತರಿ ಕೆಲಸದ ಹಾಜರಿ, ತೆರಿಗೆ ವಸೂಲಿ, ಗ್ರಾಮಸಭೆ, ಚುನಾಯಿತ ಸದಸ್ಯರ ಒತ್ತಡ, ಲೆಕ್ಕಪರಿಶೋಧನೆಯ ಆಕ್ಷೇಪಣೆ ಎಲ್ಲವೂ ಇವೆ. ಹಣ ಖರ್ಚು ಮಾಡುವ ಅಧಿಕಾರ ಇರುವ ಕಡೆ ಹೊಣೆಯೂ ಸಹಿಯೊಂದಿಗೆ ಬರುತ್ತದೆ. ಜನರ ನಡುವೆ ಇರಲು ಇಷ್ಟಪಡುವವರಿಗೆ ಇದು ತೃಪ್ತಿಯ ಕೆಲಸ. ಕಡತದೊಂದಿಗೆ ಶಾಂತವಾಗಿ ಕೂರಬಯಸುವವರಿಗೆ ಇದೇ ಹುದ್ದೆ ನಿದ್ದೆ ಕೆಡಿಸುತ್ತದೆ. ಹೋಗಬೇಕೆಂದಿರುವ ಹುದ್ದೆಯಲ್ಲಿ ಈಗಾಗಲೇ ಇರುವವರ ಜೊತೆ ಒಂದು ಕೆಲಸದ ದಿನ ಕಳೆದು ನೋಡುವುದಕ್ಕಿಂತ ಒಳ್ಳೆಯ ಮಾಹಿತಿ ಬೇರೆಲ್ಲೂ ಸಿಗದು.

ವೃಂದ ಜಿಲ್ಲಾ ಮಟ್ಟದ್ದೋ ರಾಜ್ಯ ಮಟ್ಟದ್ದೋ ಎಂಬುದು ಸಂಸಾರವನ್ನು ನೇರವಾಗಿ ಮುಟ್ಟುತ್ತದೆ. ಜಿಲ್ಲಾ ಮಟ್ಟದ ವೃಂದದಲ್ಲಿ ಒಮ್ಮೆ ಬೇರೆ ಜಿಲ್ಲೆಗೆ ಆಯ್ಕೆಯಾದರೆ ತವರು ಜಿಲ್ಲೆಗೆ ಬರುವುದು ಸುಲಭವಲ್ಲ. ಕೇಂದ್ರದ ಹಲವು ಹುದ್ದೆಗಳಿಗೆ ದೇಶದ ಯಾವ ಮೂಲೆಗೂ ಹೋಗಲು ಸಿದ್ಧರಿರಬೇಕು. ಶಿಕ್ಷಕರಿಗೆ 2020ರ ವರ್ಗಾವಣೆ ನಿಯಂತ್ರಣ ಕಾಯ್ದೆಯಡಿ ಕೌನ್ಸೆಲಿಂಗ್ ಇದೆ, ಪತಿ-ಪತ್ನಿ ಪ್ರಕರಣಕ್ಕೆ ಆದ್ಯತೆ ಇದೆ. ಇಂಥ ವ್ಯವಸ್ಥೆ ಇರುವ ಇಲಾಖೆಯನ್ನು ಬಿಟ್ಟುಹೋಗುವ ಮುನ್ನ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಬೇಕು.

## ಮೂರು ಸನ್ನಿವೇಶಗಳು

ವಯಸ್ಸು 26, ಎರಡು ವರ್ಷದ ಹಿಂದೆ ಗ್ರಾಮ ಆಡಳಿತ ಅಧಿಕಾರಿಯಾಗಿ ಸೇರಿದವರು ಈಗ ಪಿಡಿಒ ಆಗಿ ಆಯ್ಕೆಯಾಗಿದ್ದಾರೆ ಎನ್ನೋಣ. ಕಳೆದುಕೊಳ್ಳುವ ಜ್ಯೇಷ್ಠತೆ ಎರಡೇ ವರ್ಷ, ಮುಂದೆ 34 ವರ್ಷ ಸೇವೆ ಇದೆ, ವೇತನದ ಏರಿಕೆ ದೊಡ್ಡದು. ಕೆಲಸದ ಸ್ವಭಾವ ಒಪ್ಪುವುದಾದರೆ ಹೋಗುವುದೇ ಸರಿ.

ವಯಸ್ಸು 34, ಒಂಬತ್ತು ವರ್ಷ ಸೇವೆಯ ಕಾನ್ಸ್‌ಟೇಬಲ್ ಎಫ್‌ಡಿಎ ಆಗಿ ಆಯ್ಕೆಯಾಗಿದ್ದಾರೆ. 37,500ರಿಂದ ಒಂಬತ್ತು ವಾರ್ಷಿಕ ಬಡ್ತಿ ಸೇರಿದರೆ ಅವರ ಮೂಲ ವೇತನ 46,675, ಎಫ್‌ಡಿಎ ಆರಂಭಿಕ ವೇತನಕ್ಕಿಂತ ಈಗಾಗಲೇ ಹೆಚ್ಚು. ಮುಂದಿನ ವರ್ಷದ ಕಾಲಮಿತಿ ಬಡ್ತಿ ಮತ್ತು ಪೊಲೀಸ್ ಇಲಾಖೆಯ ವಿಶೇಷ ಭತ್ಯೆಗಳು ಕೈತಪ್ಪುತ್ತವೆ. ಹಣದ ಲೆಕ್ಕದಲ್ಲಿ ಇದು ನಷ್ಟವೇ. ಆದರೆ ನಿಗದಿತ ಸಮಯದ ಕೆಲಸ, ಭಾನುವಾರದ ರಜೆ, ಮಕ್ಕಳ ಜೊತೆ ಹಬ್ಬದೂಟ ಬೇಕೆಂದು ಅವರು ಹೋಗುವುದಾದರೆ ಆ ನಿರ್ಧಾರವೂ ಸರಿಯೇ. ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೇನೆ ಎಂದು ತಿಳಿದು ಹೋದರೆ ಸಾಕು.

ವಯಸ್ಸು 43, ಹದಿನಾರು ವರ್ಷ ಸೇವೆಯ ಪ್ರಾಥಮಿಕ ಶಾಲಾ ಶಿಕ್ಷಕಿ ಪಿಯು ಉಪನ್ಯಾಸಕಿಯಾಗಿ ಆಯ್ಕೆಯಾಗಿದ್ದಾರೆ. ನಿವೃತ್ತಿಗೆ 17 ವರ್ಷ. ವೇತನದಲ್ಲಿ ಲಾಭವಿದೆ, ಓದಿದ ವಿಷಯವನ್ನು ಆಳವಾಗಿ ಕಲಿಸುವ ಅವಕಾಶವಿದೆ. ಪ್ರಾಂಶುಪಾಲರಾಗುವ ಸರದಿ ಆ ಅವಧಿಯಲ್ಲಿ ಬರುತ್ತದೆಯೇ ಎಂಬುದು ಜ್ಯೇಷ್ಠತಾ ಪಟ್ಟಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮೊದಲ ಸ್ಥಳನಿಯುಕ್ತಿ ದೂರದ ತಾಲ್ಲೂಕಿಗಾದರೆ, ಹತ್ತನೇ ತರಗತಿಯ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಅಷ್ಟೇ ಮುಖ್ಯವಾಗುತ್ತದೆ.

## ಹೊರಡುವಾಗ ಕೈಯಲ್ಲಿರಬೇಕಾದ ಕಾಗದಗಳು

ನಿರ್ಧಾರವಾದ ಮೇಲೆ ಅವಸರ ಬೇಡ. ಹೊಸ ನೇಮಕಾತಿ ಆದೇಶ ಕೈಗೆ ಬರದೆ ಹಳೆಯ ಹುದ್ದೆಯಿಂದ ಬಿಡುಗಡೆ ಕೇಳಬಾರದು. ರಾಜೀನಾಮೆ ಪತ್ರದಲ್ಲಿ ವೈಯಕ್ತಿಕ ಕಾರಣ ಎಂದು ಬರೆಯಬಾರದು. ಅನುಮತಿ ಪಡೆದು, ಇಂಥ ಆದೇಶದಂತೆ ಇಂಥ ಹುದ್ದೆಗೆ ಸೇರುವ ಸಲುವಾಗಿ ಎಂದು ಸಂಖ್ಯೆ, ದಿನಾಂಕ ಸಹಿತ ಸ್ಪಷ್ಟವಾಗಿ ನಮೂದಿಸಬೇಕು. ಲೀನ್ ಬೇಕಿದ್ದರೆ ಅದೇ ಪತ್ರದಲ್ಲಿ ಕೋರಬೇಕು. ಬಿಡುಗಡೆಯ ಆದೇಶದಲ್ಲೂ ಇದೇ ಮಾತು ಬಂದಿದೆಯೇ ಎಂದು ಓದಿ ನೋಡಬೇಕು.

ಜೊತೆಗೆ ಒಯ್ಯಬೇಕಾದವು: ನಿರಾಕ್ಷೇಪಣಾ ಪತ್ರ, ಬಿಡುಗಡೆ ಆದೇಶ, ಪ್ರಭಾರ ವಹಿಸಿಕೊಟ್ಟ ವರದಿ, ಅಂತಿಮ ವೇತನ ಪ್ರಮಾಣ ಪತ್ರ, ಬೇಬಾಕಿ ಪತ್ರ, ಪ್ರೊಬೇಷನ್ ಘೋಷಣೆ, ಇಲಾಖಾ ಪರೀಕ್ಷೆಯ ಫಲಿತಾಂಶ, ಪೂರ್ಣವಾಗಿ ಭರ್ತಿಯಾದ ಸೇವಾ ಪುಸ್ತಕದ ನಕಲು. ವೇತನದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಹೊಸ ಕಚೇರಿಗೆ ವರ್ಗಾವಣೆಯಾಗಬೇಕು, ಇಲ್ಲದಿದ್ದರೆ ಮೊದಲ ತಿಂಗಳುಗಳ ಸಂಬಳವೇ ನಿಲ್ಲುತ್ತದೆ. ಹಬ್ಬದ ಮುಂಗಡ, ಪತ್ತಿನ ಸಹಕಾರ ಸಂಘದ ಸಾಲ, ಬ್ಯಾಂಕಿನ ಕಂತು ಮೊದಲೇ ಇತ್ಯರ್ಥ ಮಾಡಿಕೊಂಡರೆ ಜಾಮೀನು ನಿಂತ ಸಹೋದ್ಯೋಗಿಗೆ ತೊಂದರೆಯಾಗದು. ಬಿಡುಗಡೆಗೂ ಹೊಸ ಹುದ್ದೆಗೆ ಹಾಜರಾಗುವುದಕ್ಕೂ ನಡುವೆ, ನಿಯಮ ಒಪ್ಪುವ ಸೇರಿಕೆ ಕಾಲಕ್ಕಿಂತ ಹೆಚ್ಚಿನ ಅಂತರ ಬಿದ್ದರೆ ಅದನ್ನು ಸೇವೆಯ ಕಡಿತ ಎಂದು ಪರಿಗಣಿಸುವ ಅಪಾಯವಿದೆ.

## ಬಿಟ್ಟುಹೋಗುವ ಕುರ್ಚಿ

ನೌಕರರೊಬ್ಬರು ಹೋದ ಮೇಲೆ ಆ ಕುರ್ಚಿ ತಕ್ಷಣ ತುಂಬುವುದಿಲ್ಲ. ಮುಂದಿನ ನೇಮಕಾತಿ ವರ್ಷಗಳ ಮಾತು. ಅಲ್ಲಿಯವರೆಗೆ ಪಕ್ಕದ ವೃತ್ತದವರಿಗೆ ಹೆಚ್ಚುವರಿ ಪ್ರಭಾರ, ಜಾತಿ ಪ್ರಮಾಣ ಪತ್ರಕ್ಕೆ ಬಂದ ವಿದ್ಯಾರ್ಥಿಗೆ ಕಾಯುವ ಪಾಡು. ಹಾಗೆಂದು ಅರ್ಹರು ಮುಂದೆ ಹೋಗಬಾರದೆಂದಿಲ್ಲ. ಉತ್ತಮ ಅವಕಾಶ ಹುಡುಕುವುದು ಅವರ ಹಕ್ಕು. ಆದರೆ ಎರಡು ಕರ್ತವ್ಯಗಳನ್ನು ಪಾಲಿಸಬಹುದು. ಸೇರುವ ಮನಸ್ಸಿಲ್ಲದ ಹುದ್ದೆಯ ಪಟ್ಟಿಯಲ್ಲಿ ಹೆಸರಿದ್ದರೆ ದಾಖಲೆ ಪರಿಶೀಲನೆಯ ಹಂತದಲ್ಲೇ ಹಿಂದೆ ಸರಿದರೆ, ಒಂದೆರಡು ಅಂಕದಲ್ಲಿ ಹಿಂದುಳಿದ ಇನ್ನೊಬ್ಬರಿಗೆ ಅವಕಾಶ ಸಿಗುತ್ತದೆ. ಹೊರಡುವಾಗ ಬಾಕಿ ಕಡತಗಳ ಪಟ್ಟಿ ಬರೆದಿಟ್ಟು, ಮುಂದೆ ಬರುವವರಿಗೆ ಅರ್ಥವಾಗುವಂತೆ ಪ್ರಭಾರ ವಹಿಸಿದರೆ ಜನರ ಕೆಲಸ ನಿಲ್ಲುವುದಿಲ್ಲ.

## ನಿರ್ಧಾರಕ್ಕೆ ಮುನ್ನ

ಇಷ್ಟೆಲ್ಲದರ ಸಾರವನ್ನು ನಾಲ್ಕು ಪ್ರಶ್ನೆಗಳಲ್ಲಿ ಹಿಡಿಯಬಹುದು. ನನಗೆ ಉಳಿದಿರುವ ಸೇವೆ ಎಷ್ಟು ವರ್ಷ? ಆ ವರ್ಷಗಳಲ್ಲಿ ಹೊಸ ವೃಂದದ ಏಣಿ ನನ್ನನ್ನು ಎಲ್ಲಿಗೆ ಒಯ್ಯುತ್ತದೆ, ಹಳೆಯದು ಎಲ್ಲಿಗೆ ಒಯ್ಯುತ್ತಿತ್ತು? ಅನುಮತಿಯ ಕಾಗದ ಬರವಣಿಗೆಯಲ್ಲಿ ನನ್ನ ಬಳಿ ಇದೆಯೇ? ಆ ಕೆಲಸವನ್ನು ಆ ಊರಿನಲ್ಲಿ ದಿನಾಲೂ ಮಾಡಲು ನನಗೂ ಮನೆಯವರಿಗೂ ಒಪ್ಪಿಗೆಯೇ?

ಸೇವೆಯ ಮೊದಲ ಐದಾರು ವರ್ಷದಲ್ಲಿ ಈ ಲೆಕ್ಕ ಬಹುತೇಕ ಹೊಸ ಹುದ್ದೆಯ ಕಡೆಗೇ ವಾಲುತ್ತದೆ. ಹತ್ತು ವರ್ಷದ ನಂತರ ಸಾಮಾನ್ಯವಾಗಿ ವೇತನದ ಲಾಭ ಕರಗಿ, ಜ್ಯೇಷ್ಠತೆಯ ನಷ್ಟ ಬೆಳೆಯುತ್ತದೆ. ಆಗ ಹೋಗಲು ಹಣಕ್ಕಿಂತ ಗಟ್ಟಿಯಾದ ಕಾರಣ ಬೇಕು. ಹೋಗುವುದೇ ಆದರೆ ಈ ವಾರವೇ ಸೇವಾ ಪುಸ್ತಕ ತೆರೆದು ನಮೂದುಗಳು ಸರಿಯಾಗಿವೆಯೇ ಎಂದು ನೋಡಿ, ಬಿಟ್ಟುಹೋದದ್ದನ್ನು ಸರಿಪಡಿಸಿಕೊಳ್ಳಿ. ಹೊಸ ಇಲಾಖೆಗೆ ನಿಮ್ಮ ಹಿಂದಿನ ವರ್ಷಗಳನ್ನು ಸಾಬೀತು ಮಾಡಿ ಹೇಳಬಲ್ಲದ್ದು ಆ ಪುಸ್ತಕವೊಂದೇ.